ಹೆಬ್ಬಾತು ಎಣಿಸಲು ಹೋದ ಭಾನುವಾರ

ಬಾಯಿ ಮುಚ್ಚಿಕೊಂಡು ಕೂರುವುದರಲ್ಲಿ ಇಡೀ ಅಫಜಲಪುರ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ! ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಸಾಹೇಬರೆದುರು, ಹತ್ತೊಂಬತ್ತು ವರ್ಷ ಮನೆಯಲ್ಲಿ ಹೆಂಡತಿ ಶಿವಕಾಂತಾಳೆದುರು ಪಡೆದ ತರಬೇತಿ ಅದು. ಆದ್ದರಿಂದ ನಮ್ಮೂರ ಪಕ್ಷಿ ಬಳಗದ ವಿಶ್ವಾರಾಧ್ಯ ಮಾಸ್ತರರು, "ಹಕ್ಕಿ ನೋಡಾಕ ಕಣ್ಣು ತೆರದ್ರ ಸಾಲಂಗಿಲ್ರಿ, ಬಾಯಿ ಬಂದ್ ಇರ್ಬೇಕು" ಎಂದಾಗ, ಈ ವಿದ್ಯೆ ನನಗೆಂದೇ ಹುಟ್ಟಿದೆ ಎನಿಸಿತು.

ಆ ಭಾನುವಾರ ಚೌಡಾಪುರದಾಚೆಯ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಎಣಿಕೆ. ಹಿಮಾಲಯ ದಾಟಿ ಬರುವ ಅತಿಥಿಗಳು. ಹೋದ ವರ್ಷ ಬಳಗ ಮುಟ್ಟುವ ಹೊತ್ತಿಗೆ ಹಾರಿಹೋಗಿದ್ದವಂತೆ. ಈ ಸಲ ಎಣಿಕೆ ಸುಸೂತ್ರವಾಗಿ ಮುಗಿದರೆ ನನಗೆ ಬಳಗದ ಹಸಿರು ಟೋಪಿ ಸಿಗುವುದಿತ್ತು. ಆ ಟೋಪಿಯ ಮೇಲೆ ನನಗೆ ಮೂರು ತಿಂಗಳಿಂದ ಕಣ್ಣು.

"ನಾನೂ ಬರ್ತೇನಿ" ಎಂದಳು ಶಿವಕಾಂತಾ.

"ನೀ ಬ್ಯಾಡ. ನಿನ್ನ ಬಾಯಿ ಸುಮ್ನಿರಂಗಿಲ್ಲ. ನೀ ಒಂದು ಮಾತಾಡಿದ್ರ ಅವು ವಾಪಸ್ ಹಿಮಾಲಯಕ್ಕ ಹೋಗ್ತಾವ."

"ಹಂಗಾದ್ರ ಎಲ್ಲಾರ ರೊಟ್ಟಿ ಬುತ್ತಿ ನೀವೇ ಕಟ್ಕೊರಿ."

ಅವಳು ಬಂದಳು.

ಕೆರೆಯ ಏರಿಯ ಹಿಂದೆ, ಜಾಲಿಯ ಮರೆಯಲ್ಲಿ ಎಂಟು ಜನ ಮಕಾಡೆ ಮಲಗಿದೆವು. ನೀರಿನಂಚಿನಲ್ಲಿ ಹೆಬ್ಬಾತುಗಳು ಗಂಭೀರವಾಗಿ ಅಡ್ಡಾಡುತ್ತಿದ್ದವು. ಮಾಸ್ತರರು ದುರ್ಬೀನು ಹಿಡಿದು ತುಟಿಯಲ್ಲೇ ಎಣಿಸತೊಡಗಿದರು. ನಾನು ಉಸಿರನ್ನೂ ಅರ್ಧಕ್ಕೆ ಇಳಿಸಿದ್ದೆ.

ಮಾಸ್ತರರಿಗೆ ನಾನೊಂದು ವಿಷಯ ಹೇಳಿರಲಿಲ್ಲ. ಏಳನೆಯ ವಯಸ್ಸಿನಿಂದ ಹದಿನೆಂಟರವರೆಗೆ, ಜೋಳ ಹಾಲುಗಾಳು ಕಟ್ಟಿತೆಂದರೆ ನನ್ನ ವಾಸ ನಮ್ಮ ಹೊಲದ ಅಟ್ಟದ ಮೇಲೆ. ಕೈಯಲ್ಲಿ ಕವಣೆ, ಬಾಯಲ್ಲಿ ಕೂಗು. ಹಕ್ಕಿಯೊಂದಿಗೆ ನನಗಿದ್ದ ಸಂಬಂಧ ಅದೊಂದೇ.

ಅಷ್ಟರಲ್ಲಿ ಒಂದು ಹೆಬ್ಬಾತು ನೀರು ಬಿಟ್ಟು ಪಕ್ಕದ ಕಡಲೆ ಹೊಲಕ್ಕೆ ಕಾಲಿಟ್ಟಿತು. ಯಾರದೋ ಕಡಲೆ, ನನಗೇನು ಎಂದುಕೊಂಡೆ. ಎರಡನೆಯದು ಹೋಯಿತು. ಹಲ್ಲು ಕಚ್ಚಿದೆ. ಆಮೇಲೆ ಮದುವೆ ಊಟದ ಪಂಕ್ತಿಗೆ ನುಗ್ಗುವವರ ಹಾಗೆ ಇಡೀ ಹಿಂಡು ಒಳಗೆ ಹೊಕ್ಕು, ಹೂವು ಕಾಯಿ ನೋಡದೆ ಮೇಯತೊಡಗಿತು.

"ಹೋಯ್... ಹಾಹಾಹಾ... ಹೋಯ್!"

ಈ ದನಿ ಯಾರದೆಂದು ತಿರುಗಿ ನೋಡುವಷ್ಟರಲ್ಲಿ ನಾನು ಕಡಲೆ ಹೊಲದ ನಟ್ಟನಡುವೆ ನಿಂತಿದ್ದೆ. ಒಂದು ಕೈಯಲ್ಲಿ ತಿರುಗುವ ಟವೆಲ್ಲು, ಇನ್ನೊಂದರಲ್ಲಿ ಮಣ್ಣಹೆಂಟೆ. ಆಕಾಶದ ತುಂಬ ಹೆಬ್ಬಾತು.

ಮಾಸ್ತರರು ಮೆಲ್ಲಗೆ ಎದ್ದು ಬಂದರು. ಬೈದಿದ್ದರೆ ಚೆನ್ನಾಗಿತ್ತು.

"ಗುರುಲಿಂಗ ಅವ್ರ, ನಾ ಮೂವತ್ತೊಂದಕ್ಕ ಬಂದಿದ್ದೆ."

"ಸರ್, ಕಡ್ಲಿ ತಿನ್ನಾಕತ್ತಿದ್ವು."

"ತಿನ್ನಾಕೇ ಬಂದಾವ್ರಿ ಅವು. ಅಷ್ಟು ದೂರದಿಂದ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಆಗ ಹೊಲದೊಡತಿ ಸಾಬವ್ವ ಎಂಬ ಮುದುಕಿ ಬದುವಿನಿಂದ ಇಳಿದು ಬಂದು, ಒಂದು ತೆಕ್ಕೆ ಹಸಿ ಕಡಲೆ ಗಿಡ ಕಿತ್ತು ನನ್ನ ಕೈಗಿಟ್ಟಳು.

"ಮುಂಜಾನಿಂದ ಇಷ್ಟು ಮಂದಿ ದುರ್ಬೀನು ಹಚ್ಕೊಂಡು ನನ್ನ ಹೊಲ ಹಾಳಾಗೋದು ನೋಡ್ಕೋತ ಬಿದ್ದಾರ. ಇವರಾಗ ಶಾಣ್ಯಾ ಅಂದ್ರ ನೀ ಒಬ್ಬನೇ ತಮ್ಮಾ."

ಬಳಗದ ಮುಂದೆ ಇಂಥ ಹೊಗಳಿಕೆ ಯಾವ ಶತ್ರುವಿಗೂ ಬೇಡ.

"ಅರವತ್ತೆರಡು" ಎಂದಳು ಶಿವಕಾಂತಾ. ಕೆರೆಗೆ ಬಂದಾಗಿನಿಂದ ಅವಳಾಡಿದ ಮೊದಲ ಮಾತು ಅದು.

"ಏನ್ರಿ ಅಕ್ಕೋರ?" ಎಂದರು ಮಾಸ್ತರರು.

"ಹೆಬ್ಬಾತು, ಸರ್. ಇವ್ರ ಕುತ್ತಿಗಿ ನರ ಉಬ್ಬಿದ್ದು ನೋಡೇ ನಂಗ ತಿಳೀತು, ಇನ್ನ ಕೂಗ್ತಾರಂತ. ಫೋನ್ ತೆಗ್ದು ಇಟ್ಕೊಂಡಿದ್ದೆ. ಹಾರಿದ್ಕೂಡ್ಲೆ ಫೋಟೋ ಹೊಡ್ದು ಎಣಿಸೇನಿ."

ಮಾಸ್ತರರು ಫೋಟೋವನ್ನು ಹಿಗ್ಗಿಸಿ ಎರಡು ಸಲ ಎಣಿಸಿದರು. ಬರೋಬರಿ ಅರವತ್ತೆರಡು. ಕೆಳಗೆ ಟವೆಲ್ಲು ಬೀಸುತ್ತಿರುವ ಒಬ್ಬನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಸಿರು ಟೋಪಿ ಅಲ್ಲೇ ಶಿವಕಾಂತಾಳ ತಲೆ ಏರಿತು.

ಮುಂದಿನ ಭಾನುವಾರ ಅವಳು ಕನ್ನಡಿಯೆದುರು ಟೋಪಿ ಸರಿಮಾಡಿಕೊಳ್ಳುತ್ತಿದ್ದಳು. ನಾನು ಸುಮ್ಮನೆ ಬೂಟು ಹುಡುಕಿದೆ.

"ನೀವ್ ಬ್ಯಾಡ್ರಿ. ನಿಮ್ಮ ಬಾಯಿ ಸುಮ್ನಿರಂಗಿಲ್ಲ" ಎಂದಳು. ಮತ್ತೆ ಅವಳಿಗೇ ಏನೋ ನೆನಪಾಯಿತು. "ಇಲ್ಲ, ಬರ್ರಿ. ಸಾಬವ್ವಾಯಿ ಫೋನ್ ಮಾಡಿದ್ಳು. ಹೊಲ ಕಾಯಾಕ ನಿಮ್ಮನ್ನೇ ಕಳ್ಸಬೇಕಂತ. ಕವಣಿ ಅಕೀನೇ ಕೊಡ್ತಾಳ. ನಾವು ಎಣಿಸಿ ಮುಗಿಸೂತನಕ ಮಾತ್ರ ಜರಾ ಬಾಯಿ ಬಂದ್ ಇಟ್ಕೊರಿ."