ಬಟನ್ ಇಲ್ಲದ ಫೋನಿನ ಮೇಲೊಂದು ತನಿಖೆ

ಸಂಶಯಪಡುವುದಕ್ಕೆಂದೇ ಸರಕಾರದಿಂದ ಸಂಬಳ ತೆಗೆದುಕೊಂಡ ಮನುಷ್ಯ ನಾನು. ಹಾಗಾಗಿ ಬೇರೆಯವರ ಬದುಕಿನಲ್ಲಿ ಸುಮ್ಮನೆ ಆಗಿಹೋಗುವ ಸಂಗತಿಗಳು ನನ್ನ ಬದುಕಿನಲ್ಲಿ ಮಾತ್ರ ಫೈಲ್ ನಂಬರು ಹಾಕಿಸಿಕೊಂಡೇ ಆಗುತ್ತವೆ. ಒಂದು ಮುಗಿಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಂದು ಮೇಜಿನ ಮುಂದೆ ನಿಂತಿರುತ್ತದೆ.

ಊರು ಕಾಸರಗೋಡು. ಕೆಲಸ ತಿರುವನಂತಪುರದ ಒಂದು ಕೇಂದ್ರ ಸರಕಾರಿ ಕಚೇರಿಯ ವಿಜಿಲೆನ್ಸ್ ವಿಭಾಗದಲ್ಲಿ. ಜ್ವರ ಅಂತ ರಜೆ ಹಾಕಿದವರು ಯಾರ ಮದುವೆಯಲ್ಲಿ ಉಂಡರು, ಮೆಡಿಕಲ್ ಸರ್ಟಿಫಿಕೇಟಿನಲ್ಲಿ ಡಾಕ್ಟರ ಸಹಿ ಯಾಕೆ ಎರಡು ತರ ಇದೆ ಎಂದು ಹುಡುಕುವುದು ನನ್ನ ಪಾಲಿನದು. ಹೆಂಡತಿ ಮತ್ತು ಮಗಳು ಕೊಚ್ಚಿಯ ವೈಟ್ಟಿಲದಲ್ಲಿ ಬಾಡಿಗೆ ಮನೆಯಲ್ಲಿದ್ದರು. ಮಗಳ ಶಾಲೆ ತಪ್ಪಿಸಬಾರದೆಂದು ಅವರನ್ನು ಅಲ್ಲೇ ಬಿಟ್ಟು ನಾನೊಬ್ಬನೇ ತಿರುವನಂತಪುರದ ತಂಪಾನೂರಿನ ಲಾಡ್ಜಿನಲ್ಲಿದ್ದೆ. ಶುಕ್ರವಾರ ಸಂಜೆ ರೈಲು ಹತ್ತುವುದು, ಸೋಮವಾರ ಬೆಳಿಗ್ಗೆ ವಾಪಸು. ಹೀಗೆ ಮೂರು ವರ್ಷ. ಕೊಚ್ಚಿಗೆ ವರ್ಗ ಕೇಳಿದ ನನ್ನ ಅರ್ಜಿ ಡೈರೆಕ್ಟರ ಮೇಜಿನ ಮೇಲಿತ್ತು. ಅಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಕುರ್ಚಿ.

ಎರಡು ಸಾವಿರದ ಒಂಬತ್ತರ ಮಾತು ಇದು. ನಮ್ಮ ಡೈರೆಕ್ಟರಿಗೆ ಹೊಸ ಯಂತ್ರಗಳ ಹುಚ್ಚು. ಆಗಷ್ಟೇ ಬಂದಿದ್ದ ಟಚ್‌ಸ್ಕ್ರೀನ್ ಫೋನುಗಳನ್ನು ಐದು ವಿಭಾಗದ ಐವರಿಗೆ ತರಿಸಿದರು. ನನ್ನನ್ನು ಕರೆದು, "ಕೊಚ್ಚಿ ಆಫೀಸಿನಲ್ಲಿ ಇನ್ನು ಮುಂದೆ ಎಲ್ಲ ಕಂಪ್ಯೂಟರು. ಮೊದಲು ಈ ಫೋನು ಕಲಿತು ತೋರಿಸಿ, ಆಮೇಲೆ ನಿಮ್ಮ ಅರ್ಜಿ ನೋಡೋಣ" ಎಂದರು. ಅಂದರೆ ನನ್ನ ಸಂಸಾರ ಒಂದಾಗುವುದು ಒಂದು ಗಾಜಿನ ತುಂಡಿನ ಕೈಯಲ್ಲಿ ಸಿಕ್ಕಿಕೊಂಡಿತು.

ಕಚೇರಿಯ ಮಾತೆಲ್ಲ ನಡೆದದ್ದು ಮಲಯಾಳದಲ್ಲಿ. ಇಲ್ಲಿ ಕನ್ನಡ ಮಾಡಿದ್ದೇನೆ. ಮಾಡುವಾಗ ನನ್ನ ಮರ್ಯಾದೆಗೆ ಅಗತ್ಯವಿದ್ದಷ್ಟು ಮಾತ್ರ ಬದಲಿಸಿದ್ದೇನೆ.

ಒಂದು: ಮಾಲು ಕಮ್ಮಿ

ಸರಕಾರಿ ವಸ್ತು ಕೈಗೆ ಬಂದರೆ ಪರೀಕ್ಷಿಸದೆ ಸಹಿ ಹಾಕುವ ಪೈಕಿ ಅಲ್ಲ ನಾನು. ಸ್ಟೋರಿನವರು ಪೆಟ್ಟಿಗೆ ತಂದಿಟ್ಟರು. ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ನನ್ನ ಹಳೆಯ ಫೋನಿನಲ್ಲಿ ಒಂದರಿಂದ ಒಂಬತ್ತು, ಸೊನ್ನೆ, ನಕ್ಷತ್ರ ಎಲ್ಲ ಕೈಗೆ ಸಿಗುವ ಹಾಗೆ ಇದ್ದವು. ಇದರಲ್ಲಿ ಏನೂ ಇಲ್ಲ, ಬೋಳು.

ರಿಜಿಸ್ಟರಿನಲ್ಲಿ ಕೆಂಪು ಪೆನ್ಸಿಲಿನಿಂದ ಬರೆದೆ: "ಫೋನ್ ಒಂದು, ಕೀಪ್ಯಾಡ್ ಇಲ್ಲದೆ ಸ್ವೀಕರಿಸಲಾಗಿದೆ."

ಸ್ಟೋರಿನವರು ಓದಿ ಬೆವರಿದರು. "ಸಾರೇ, ಇದು ಬರೋದೇ ಹೀಗೆ."

"ಎಲ್ಲರೂ ಹಾಗೇ ಹೇಳುವುದು" ಎಂದೆ. ಇಪ್ಪತ್ತೈದು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿಲ್ಲ.

ಅವರು ಓಡಿಹೋಗಿ ಉಳಿದ ನಾಲ್ಕು ಪೆಟ್ಟಿಗೆಗಳನ್ನೂ ತಂದು ನನ್ನೆದುರಿಗೇ ತೆರೆದರು. ನಾಲ್ಕರಲ್ಲೂ ಕೀಪ್ಯಾಡ್ ಇರಲಿಲ್ಲ. "ನೋಡಿ ಸಾರೇ, ಈಗ ನಂಬಿಕೆ ಬಂತಲ್ಲ?" ಎಂದರು.

ಬಂತು. ನಾನು ರಿಜಿಸ್ಟರಿನಲ್ಲಿ ಒಂದು ಎಂಬುದನ್ನು ಹೊಡೆದುಹಾಕಿ ಐದು ಎಂದು ತಿದ್ದಿದೆ.

ಎರಡು: ಮೇಡಂ ಬೆರಳಿನ ಗುಟ್ಟು

ನನ್ನ ಎದುರಿನ ಮೇಜು ಒಬ್ಬರು ಮೇಡಂದು. ಅವರು ನನ್ನ ವಿಭಾಗದ ಕಾಗದಪತ್ರ ನೋಡಿಕೊಳ್ಳುವ ಸೂಪರಿಂಟೆಂಡೆಂಟ್. ಗಂಡನ ಮನೆ ಮಟ್ಟಾಂಚೇರಿ, ಕೊಚ್ಚಿಯ ಹಳೆಯ ಮಸಾಲೆ ಗೋದಾಮುಗಳ ಪಕ್ಕ. ಕೊಚ್ಚಿಯ ಸೊಸೆ ಎಂದ ಮೇಲೆ ಕೊಚ್ಚಿಯ ಕುರ್ಚಿಯ ಮೇಲೆ ಕಣ್ಣಿಲ್ಲದೆ ಇರುತ್ತದೆಯೇ? ನನ್ನ ಲೆಕ್ಕದಲ್ಲಿ ಅವರು ಪ್ರತಿಸ್ಪರ್ಧಿ ನಂಬರ್ ಒನ್. ಅದಕ್ಕೇ ಫೋನು ಬಂದ ದಿನದಿಂದ ನಾನು ಅವರ ಜತೆ ಮಾತು ಕಮ್ಮಿ ಮಾಡಿದ್ದೆ.

ಫೋನು ನನ್ನ ಮಾತು ಕೇಳುತ್ತಲೇ ಇರಲಿಲ್ಲ. ನಾಲ್ಕು ಒತ್ತಿದರೆ ಏಳು ಬೀಳುವುದು, ಏಳು ಒತ್ತಿದರೆ ಏನೂ ಬೀಳದಿರುವುದು. ಪರದೆಯನ್ನು ಪಕ್ಕಕ್ಕೆ ಸರಿಸಲು ಹೋದರೆ ಬೇಡದ್ದೆಲ್ಲ ತೆರೆದು ಕೂತುಕೊಳ್ಳುತ್ತಿತ್ತು. ಮೂರನೆಯ ದಿನ ಮೇಡಂ ತಡೆಯಲಾರದೆ ಎದ್ದು ಬಂದರು. ಒಂದು ಬೆರಳು ಆಡಿಸಿದರು. ನೀರು ಹರಿದ ಹಾಗೆ ಪರದೆ ಸರಿಯಿತು.

ಇದು ನನ್ನ ಹೆಸರಿಗೆ ಕೊಟ್ಟ ಫೋನು, ಅವರಿಗೆ ಹೇಗೆ ವಿಧೇಯವಾಗಿದೆ? ಮೊದಲೇ ಪಳಗಿಸಿ ಇಟ್ಟಿದ್ದಾರೆಯೇ?

"ಸಾರೇ, ಇನ್ನೊಮ್ಮೆ ಮಾಡಿ, ನಾನು ನೋಡ್ತೇನೆ" ಎಂದರು ಮೇಡಂ.

ನಾನು ಎಂದಿನಂತೆ ಬೆರಳನ್ನು ಮೇಜಿನ ಮೇಲಿನ ಒದ್ದೆ ಸ್ಪಂಜಿಗೆ ಅದ್ದಿ, ಪರದೆಯ ಮೇಲಿಟ್ಟೆ.

ಮೇಡಂ ಒಮ್ಮೆ ಸ್ಪಂಜನ್ನೂ ಒಮ್ಮೆ ನನ್ನ ಬೆರಳನ್ನೂ ನೋಡಿದರು. ಫೈಲಿನ ಹಾಳೆ ಮಗುಚಲು ಬೆರಳು ಒದ್ದೆ ಮಾಡಿಕೊಳ್ಳುವುದು ನನಗೆ ಉಸಿರಾಟದಷ್ಟೇ ಅಭ್ಯಾಸ. ಮಾಡುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಅವರು ತಮ್ಮ ಕರವಸ್ತ್ರ ಕೊಟ್ಟು, ಸ್ಪಂಜನ್ನು ಎತ್ತಿ ಕಿಟಕಿಯ ಮೇಲಿಟ್ಟರು. ಒಣ ಬೆರಳಿಗೆ ಪರದೆ ಹೇಳಿದಂತೆ ಕೇಳಿತು.

"ಇಷ್ಟು ಸಣ್ಣ ವಿಷಯವನ್ನು ಮೂರು ದಿನ ನೀವು ಯಾಕೆ ಮುಚ್ಚಿಟ್ಟಿರಿ?" ಎಂದು ಕೇಳಿದೆ, ತನಿಖೆಯ ದನಿಯಲ್ಲಿ.

"ಹೇಳೋಣ ಅಂತ ಬಂದಾಗಲೆಲ್ಲ ನೀವು ಫೋನನ್ನು ಡ್ರಾಯರಿಗೆ ಹಾಕಿ ಬೀಗ ಹಾಕ್ತಿದ್ದಿರಲ್ಲ ಸಾರೇ."

ಮೂರು: ಒಂಬತ್ತು ಚುಕ್ಕೆ

ಬೀಗದ ಮಾತು ಬಂದಾಗ ಮೇಡಂ, ಫೋನಿಗೇ ಬೀಗ ಹಾಕಬಹುದೆಂದು ತೋರಿಸಿಕೊಟ್ಟರು. ಪರದೆಯ ಮೇಲೆ ಒಂಬತ್ತು ಚುಕ್ಕೆ ಬರುತ್ತದೆ, ರಂಗೋಲಿಗೆ ಇಟ್ಟ ಹಾಗೆ. ಬೆರಳೆತ್ತದೆ ಅವುಗಳನ್ನು ಸೇರಿಸಿ ಒಂದು ಗೆರೆ ಎಳೆಯಬೇಕು. ಮುಂದೆ ಅದೇ ಗೆರೆ ಎಳೆದರೆ ಮಾತ್ರ ಬೀಗ ತೆರೆಯುತ್ತದೆ. "ನಿಮ್ಮೊಬ್ಬರಿಗೇ ಬರುವ ಗೆರೆ ಹಾಕಿ" ಎಂದರು. ನಾನು ಗೋಡೆ ಕಡೆ ತಿರುಗಿ ನಿಂತು ಹಾಕಿದೆ. ನೋಟ್‌ಶೀಟಿನ ಕೆಳಗೆ ದಿನಕ್ಕೆ ಐವತ್ತು ಸಲ ಹಾಕುವ ನನ್ನ ಚುಟುಕು ಸಹಿಯನ್ನೇ ಹಾಕಿದೆ. ಅದಕ್ಕಿಂತ ಭದ್ರವಾದದ್ದು ಪ್ರಪಂಚದಲ್ಲಿ ಯಾವುದಿದೆ?

ಆ ಶುಕ್ರವಾರ ರೈಲಿನಲ್ಲಿ ಯಾರಿಗೂ ಕಾಣದ ಹಾಗೆ ಫೋನನ್ನು ಒಳಜೇಬಿನಲ್ಲಿಟ್ಟುಕೊಂಡು ವೈಟ್ಟಿಲದ ಮನೆ ಸೇರಿದೆ. ಹೆಂಡತಿ ಫೋನನ್ನು ಕೈಯಲ್ಲಿ ಹಿಡಿದು ಒಂದು ನಿಮಿಷ ನೋಡಿದಳು. ಅವಳೂ ಕಾಸರಗೋಡಿನವಳೇ. ಸಂಬಳ ಇಲ್ಲದೆಯೇ ಸಂಶಯಪಡುತ್ತಾಳೆ.

"ಇದಕ್ಕೆ ಬೀಗ ಎಂತಕ್ಕೆ? ಮನೆಯವರಿಗೆ ಕಾಣದ ಹಾಗೆ ಬೀಗ ಹಾಕುವಂಥದ್ದು ಎಂತ ಉಂಟು?"

"ಆಫೀಸಿನ ಗುಟ್ಟು ಮಾರಾಯ್ತಿ."

"ಹಾಗಾದ್ರೆ ತೆರೆದು ತೋರಿಸಿ. ಆಫೀಸಿಂದಾ, ಬೇರೆಯದ್ದಾ ಅಂತ ನಾನೂ ನೋಡ್ತೇನೆ."

ತೆರೆಯಲು ಹೋದೆ. ತೆರೆಯಲಿಲ್ಲ. ಇನ್ನೊಮ್ಮೆ ಹಾಕಿದೆ, ತಪ್ಪು ಎಂದಿತು. ಇಪ್ಪತ್ತೈದು ವರ್ಷ ಹಾಕಿದ ಸಹಿ ಒಂದರ ಹಾಗೆ ಇನ್ನೊಂದು ಇಲ್ಲ ಎಂದು ನನಗೆ ಅವತ್ತೇ ಗೊತ್ತಾದದ್ದು. ಐದು ಸಲ ತಪ್ಪಿದ ಮೇಲೆ ಅರ್ಧ ನಿಮಿಷ ಕಾಯಿರಿ ಎಂದು ಫೋನು ನನಗೇ ಆಜ್ಞೆ ಮಾಡಿತು. ಮಗಳು ಬಾಗಿಲಲ್ಲಿ ನಿಂತು "ಅಯ್ಯೋ ಅಪ್ಪಾ" ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಇಷ್ಟೇ. ಹೆಂಡತಿಯ ಮುಖ ಮಾತ್ರ ಗಂಟಾಗುತ್ತಾ ಹೋಯಿತು. "ನಿಮಗೆ ತೆರೆಯಲಿಕ್ಕೆ ಮನಸ್ಸಿಲ್ಲ, ಅಷ್ಟೇ" ಎಂದಳು.

ನಾನು ಬೆವರೊರೆಸಿಕೊಂಡು ನಿಜ ಹೇಳಿದೆ. "ನನ್ನ ಚುಟುಕು ಸಹಿ ಹಾಕಿದ್ದೇನೆ. ಅದು ಬರುತ್ತಿಲ್ಲ."

"ಇಷ್ಟೆಯಾ? ಇಲ್ಲಿ ಕೊಡಿ" ಎಂದು ಫೋನು ಕಿತ್ತುಕೊಂಡು ಸರ್ರೆಂದು ಒಂದು ಗೆರೆ ಎಳೆದಳು. ಒಂದೇ ಸಲಕ್ಕೆ ತೆರೆದುಕೊಂಡಿತು.

ಇದು ನೇರ ನಕಲಿ ಸಹಿ ಪ್ರಕರಣ. "ನಿನಗೆ ಇದು ಹೇಗೆ ಬಂತು?" ಎಂದೆ.

"ಮೂರು ವರ್ಷದಿಂದ ಮಗಳ ಪ್ರೋಗ್ರೆಸ್ ಕಾರ್ಡಿಗೆ ನಿಮ್ಮ ಸೈನು ಹಾಕ್ತಿರುವುದು ಮತ್ತೆ ಯಾರು ಅಂತ ತಿಳ್ಕೊಂಡಿದ್ದೀರಿ?"

ಮಗಳು ನಕ್ಕಳು, ನಾನೂ ನಕ್ಕು ಬೀಗಕ್ಕೆ ಒಂದು ಸುಲಭದ ಗೆರೆ ಹಾಕಿಸಿಕೊಂಡೆ. ಆಮೇಲೆ ಸೋಮವಾರದ ರೈಲಿನಲ್ಲಿ ಕೂತಾಗ ಮಾತ್ರ ಒಂದು ಲೆಕ್ಕ ಹೊಳೆಯಿತು. ಮಗಳ ಮೂರು ವರ್ಷದ ಒಂದು ಮಾರ್ಕನ್ನೂ ನಾನು ಕಣ್ಣಾರೆ ನೋಡಿರಲಿಲ್ಲ. ಏನಾದರೂ ಆಗಲಿ, ಈ ಫೋನು ಕಲಿತು ಕೊಚ್ಚಿಗೆ ಹೋಗಿಯೇ ತೀರಬೇಕು ಎಂದು ಹಲ್ಲು ಕಚ್ಚಿದೆ.

ನಾಲ್ಕು: ಆ ಕಿವಿ ಯಾರದು?

ಹಲ್ಲು ಕಚ್ಚಿ ಕಲಿಯುತ್ತಿದ್ದಾಗಲೇ ಒಂದು ಮಧ್ಯಾಹ್ನ, ಫೋಟೋಗಳು ಎಂದಿದ್ದ ಕಡೆ ಬೆರಳಿಟ್ಟೆ. ನಾನು ಆ ಫೋನಿನಲ್ಲಿ ಒಂದೇ ಒಂದು ಫೋಟೋ ತೆಗೆದವನಲ್ಲ. ಆದರೆ ಒಳಗೆ ನಲವತ್ತೆರಡು ಇದ್ದವು. ನನ್ನ ತಲೆಯ ಮೇಲಿನ ಫ್ಯಾನು. ನನ್ನ ಮೇಜಿನ ಮೂಲೆ. ಕೆಂಪು ದಾರ ಕಟ್ಟಿದ ಗೌಪ್ಯ ಫೈಲು. ನನ್ನ ಅಂಗಿಯ ಜೇಬಿನ ಒಳಭಾಗ. ಕೊನೆಗೆ ಒಂದು ಕಿವಿ, ಆರು ಸಲ.

ಯಾರೋ ನನ್ನ ಫೋನಿನಿಂದಲೇ ನನ್ನ ಮೇಜಿನ ಮೇಲೆ ಗೂಢಚಾರಿಕೆ ಮಾಡುತ್ತಿದ್ದಾರೆ. ನಾನು ಫೋನನ್ನು ಡ್ರಾಯರಿನಲ್ಲಿಟ್ಟು ಊಟಕ್ಕೆ ಹೋಗುವಾಗ ಎದುರಿಗೆ ಕೂತಿರುವುದು ಯಾರು? ಮೇಡಂ. ಬೀಗ ಹಾಕಲು ಕಲಿಸಿದ್ದು ಯಾರು? ಮೇಡಂ. ಕೊಚ್ಚಿಯ ಕುರ್ಚಿ ಬೇಕಾದದ್ದು ಯಾರಿಗೆ? ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

ತಕ್ಷಣ ಡೈರೆಕ್ಟರಿಗೆ ಎರಡು ಪುಟದ ದೂರು ಬರೆದೆ. ಹೆಸರು ಹಾಕಲಿಲ್ಲ, ಸಾಕ್ಷಿ ಇಲ್ಲದೆ ಹೆಸರು ಹಾಕುವವನಲ್ಲ. ಆದರೆ ಕೊನೆಯಲ್ಲಿ ಶಿಫಾರಸು ಕಟುವಾಗಿಯೇ ಇತ್ತು: "ಈ ಕೃತ್ಯ ಎಸಗಿದವರು ಯಾರೇ ಆಗಿರಲಿ, ಎಷ್ಟೇ ಹಿರಿಯರಾಗಿರಲಿ, ಶಿಕ್ಷೆಯಾಗಿ ಅವರನ್ನು ತಿರುವನಂತಪುರದಿಂದ ಕೂಡಲೇ ವರ್ಗ ಮಾಡತಕ್ಕದ್ದು." ಫೋನು ಈಗ ಸಾಕ್ಷ್ಯ. ಅದನ್ನು ಕವರಿಗೆ ಹಾಕಿ, ಅರಗು ಕರಗಿಸಿ, ನಾಲ್ಕು ಕಡೆ ಸೀಲು ಒತ್ತಿ ಕಪಾಟಿನಲ್ಲಿಟ್ಟೆ.

ಇಟ್ಟ ಹತ್ತು ನಿಮಿಷಕ್ಕೆ ಕವರು ರಿಂಗಾಗತೊಡಗಿತು. ಎತ್ತೋಣವೆಂದರೆ ಇಬ್ಬರು ಸಾಕ್ಷಿಗಳಿಲ್ಲದೆ ಸೀಲು ಒಡೆಯುವಂತಿಲ್ಲ. ಮೂರು ಸಲ ರಿಂಗಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಪ್ಯೂನ್ ಓಡಿಬಂದ. "ಡೈರೆಕ್ಟರ್ ಸಾರು ಕೊಚ್ಚಿ ವರ್ಗದ ವಿಷಯ ಮಾತಾಡ್ಲಿಕ್ಕೆ ನಿಮಗೆ ಫೋನ್ ಮಾಡಿದ್ರಂತೆ. ಈ ಮನುಷ್ಯ ಇನ್ನೂ ಫೋನ್ ಎತ್ತಲೂ ಕಲಿತಿಲ್ಲ ಅಂತ ಬೈದ್ರು."

ಮರುದಿನ ನನ್ನ ದೂರು ನನ್ನ ಮೇಜಿಗೇ ವಾಪಸು ಬಂತು. ಮೇಲೆ ಡೈರೆಕ್ಟರ ಹಸಿರು ಶಾಯಿಯ ಅಕ್ಷರ: "ತನಿಖೆ ಮಾಡಿ, ವಿಜಿಲೆನ್ಸ್ ವಿಭಾಗ." ಕಚೇರಿಯಲ್ಲಿ ತನಿಖೆ ಮಾಡುವ ಮನುಷ್ಯ ನಾನೊಬ್ಬನೇ ತಾನೇ. ಮೇಡಂಗೆ ಲಿಖಿತ ನೋಟಿಸು ಕೊಟ್ಟು ಹೇಳಿಕೆಗೆ ಕರೆದೆ. ಅವರು ಎದ್ದು ನಾಲ್ಕು ಹೆಜ್ಜೆ ನಡೆದು ಬಂದು ನನ್ನೆದುರು ಕೂತರು.

"ಕೊಚ್ಚಿಯ ಹುದ್ದೆಗೆ ನೀವು ಅರ್ಜಿ ಹಾಕಿದ್ದೀರಾ?"

"ಮಟ್ಟಾಂಚೇರಿಯಲ್ಲಿ ಅತ್ತೆ ಇದ್ದಾರೆ ಸಾರೇ. ಅಲ್ಲಿಂದ ಇಲ್ಲಿಗೆ ವರ್ಗ ಕೇಳಿ ಬಂದವಳು ನಾನು. ವಾಪಸು ಕಳಿಸಿದರೆ ರಾಜೀನಾಮೆ ಕೊಡ್ತೇನೆ."

ಬರೆದುಕೊಂಡೆ. ನನ್ನ ಕೇಸಿನ ಅರ್ಧ ಅಲ್ಲೇ ಬಿದ್ದುಹೋಯಿತು. ಇಬ್ಬರು ಸಾಕ್ಷಿಗಳೆದುರು ಸೀಲು ಒಡೆದು ಫೋಟೋ ತೋರಿಸಿದೆ. ಮೇಡಂ ಕನ್ನಡಕ ಏರಿಸಿ ಒಂದೊಂದನ್ನೇ ಸರಿಸುತ್ತಾ ಬಂದು ಕಿವಿಯ ಹತ್ತಿರ ನಿಂತರು.

"ಸಾರೇ, ಈ ಕಿವಿಯ ಮೇಲೆ ಒಂದು ಕೆಂಪು ಪೆನ್ಸಿಲು ಸಿಕ್ಕಿಸಿದೆ."

"ಅದೇ ಮುಖ್ಯ ಸುಳಿವು" ಎಂದೆ. "ಈ ಆಫೀಸಿನಲ್ಲಿ ಕಿವಿಗೆ ಕೆಂಪು ಪೆನ್ಸಿಲು ಸಿಕ್ಕಿಸಿಕೊಳ್ಳುವವರು ಯಾರು ಎಂದು ಮೊದಲು ಪಟ್ಟಿ ಮಾಡಬೇಕು."

ಸಾಕ್ಷಿಗಳಿಬ್ಬರೂ ನನ್ನ ತಲೆಯ ಬಲಗಡೆ ನೋಡುತ್ತಿದ್ದರು. ಪಟ್ಟಿ ಬರೆಯಲೆಂದು ನಾನು ಕೈ ಎತ್ತಿ ಕಿವಿಯಿಂದ ಪೆನ್ಸಿಲು ತೆಗೆದೆ.

ಮೇಡಂ ಸಮಾಧಾನವಾಗಿ ಎಲ್ಲ ಬಿಡಿಸಿ ಹೇಳಿದರು. ಫೋನಿನ ಬದಿಯಲ್ಲಿ ಕ್ಯಾಮರಾಕ್ಕೆ ಅಂತಲೇ ಒಂದು ಸಣ್ಣ ಗುಂಡಿ ಇದೆ. ಪರದೆಗೆ ಕೆನ್ನೆ ತಾಗಿ ಏನಾದರೂ ಒತ್ತಿಹೋದೀತೆಂಬ ಸಂಶಯದಿಂದ ನಾನು ಫೋನನ್ನು ತಿರುಗಿಸಿ, ಕ್ಯಾಮರಾ ಇರುವ ಬೆನ್ನನ್ನು ಕಿವಿಯ ಕಡೆ ಮಾಡಿ ಸ್ವಲ್ಪ ದೂರ ಹಿಡಿಯುತ್ತಿದ್ದೆ. ಯಾರೂ ಕಿತ್ತುಕೊಳ್ಳಬಾರದೆಂದು ಬಿಗಿಯಾಗಿಯೂ ಹಿಡಿಯುತ್ತಿದ್ದೆ. ಪ್ರತಿ ಸಲ ಹಿಡಿದಾಗಲೂ ಆ ಗುಂಡಿ ಒತ್ತುತ್ತಿದ್ದವನು ನಾನೇ.

ಹೇಳಿಕೆಗೆ ಸಾಕ್ಷಿಗಳ ಸಹಿ ಆಗಿತ್ತು, ಮುಚ್ಚಿಡುವಂತಿರಲಿಲ್ಲ. ನನಗೆ ಮುಚ್ಚಿಡುವ ಅಭ್ಯಾಸವೂ ಇಲ್ಲ. ವರದಿ ಬರೆದೆ: "ತಪ್ಪಿತಸ್ಥ ಪತ್ತೆಯಾಗಿದ್ದಾನೆ. ಈ ವರದಿಗೆ ಸಹಿ ಹಾಕಿದವನೇ ಆತ." ಕೊಚ್ಚಿ ಕೈತಪ್ಪಿತು, ಮಗಳ ಶಾಲೆ ಮುಗಿಯುವವರೆಗೂ ಲಾಡ್ಜೇ ಗತಿ ಎಂದು ನಿಶ್ಚಯ ಮಾಡಿಕೊಂಡೆ. ಮೇಡಂ ಹತ್ತಿರ ಕ್ಷಮೆ ಕೇಳಿದೆ. ಅವರು ಮೊದಲ ಸಲ ನಕ್ಕರು.

ಡೈರೆಕ್ಟರ್ ವರದಿಯನ್ನು ಎರಡು ಸಲ ಓದಿದರು. ನಗಲಿಲ್ಲ. ನನ್ನ ಹಳೆಯ ದೂರನ್ನು ತರಿಸಿ ಅದರ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು. "ಯಾರೇ ಆಗಿರಲಿ, ತಿರುವನಂತಪುರದಿಂದ ಕೂಡಲೇ ವರ್ಗ ಮಾಡತಕ್ಕದ್ದು. ನೀವೇ ಬರೆದದ್ದಲ್ಲವೇ?"

"ಹೌದು ಸಾರ್."

"ವಿಜಿಲೆನ್ಸಿನ ಶಿಫಾರಸನ್ನು ನಾನು ಯಾವತ್ತೂ ತಳ್ಳಿಹಾಕಿದವನಲ್ಲ. ಈಗ ಖಾಲಿ ಇರುವುದು ಕೊಚ್ಚಿ ಒಂದೇ." ಹಸಿರು ಶಾಯಿಯಲ್ಲಿ ಸಹಿ ಬಿತ್ತು.

ಅಲ್ಲಿಂದ ಹೊರಗೆ ಬಂದವನೇ ಫೋನನ್ನು ಸರಿಯಾಗಿ ಮುಖ ಮಾಡಿ ಹಿಡಿದು ಮನೆಗೆ ಕರೆ ಮಾಡಿದೆ. ಕೊಚ್ಚಿಗೆ ವರ್ಗ ಆಯಿತು, ಇನ್ನು ದಿನಾ ಮನೆಯಲ್ಲೇ ಇರುತ್ತೇನೆ ಎಂದೆ. ಆ ಕಡೆ ಹೆಂಡತಿ ಕೂಡಲೇ ನಂಬಲಿಲ್ಲ. ಇಷ್ಟು ವರ್ಷ ಕೊಡದವರು ಈಗ ಯಾಕೆ ಕೊಟ್ಟರು, ಆರ್ಡರಿನಲ್ಲಿ ಎಂತ ಬರೆದಿದ್ದಾರೆ, ಸರಿಯಾಗಿ ಓದಿ ಎಂದಳು. ಓದಿದೆ: "ಶಿಕ್ಷೆಯ ರೂಪದಲ್ಲಿ ಕೊಚ್ಚಿಗೆ ವರ್ಗಾಯಿಸಲಾಗಿದೆ."

ಅವಳು ಆ ಸಾಲನ್ನು ಇನ್ನೊಮ್ಮೆ ಓದಿಸಿದಳು.

"ಅಲ್ಲ, ತಪ್ಪು ಮಾಡಿದ್ದು ನೀವು. ಶಿಕ್ಷೆ ನನಗೆ ಎಂತಕ್ಕೆ?"