ಅತ್ತೆಯ ಕೈಯ ಹುರಿ

ಎರ್ನಾಕುಲಂನಲ್ಲಿ ಸರೋಜಮ್ಮ ತೀರಿಕೊಂಡ ಸುದ್ದಿ ತಿರುವನಂತಪುರದಲ್ಲಿದ್ದ ಅಳಿಯ ರಾಮದಾಸನಿಗೆ ಬೆಳಗಾಗುವಾಗ ಪಕ್ಕದ ಮನೆಯ ಫೋನಿನಲ್ಲಿ ತಿಳಿಯಿತು. ತಾಯಿಯ ಆರೈಕೆಗೆ ಹೋಗಿದ್ದ ಹೆಂಡತಿ ನಿರ್ಮಲ ಅಳುತ್ತಲೇ ಹೇಳಿದಳು:

“ಅಮ್ಮ ಕಳೆದ ಸಲ ಅಪ್ಪನ ಜೊತೆ ಬಂದಾಗ ಬಿಟ್ಟುಹೋದ ಚೀಲ ನಮ್ಮ ದೇವರಕೋಣೆಯಲ್ಲೇ ಉಂಟು. ಅರ್ಧ ಹೆಣೆದ ಹುರಿ ಅದರೊಳಗೆ. ಅಮ್ಮನನ್ನು ಸ್ಮಶಾನಕ್ಕೆ ಕೊಂಡುಹೋಗುವ ಮೊದಲು ಅದನ್ನು ಅವಳ ಕೈಗೆ ಮುಟ್ಟಿಸಬೇಕು. ಕುಣಿಕೆ ಜಾರಿಸಬೇಡಿ ಮಾರಾಯ್ರೇ!”

ಪ್ರತಿ ಅಷ್ಟಮಿಗೆ ಕೃಷ್ಣನ ತೊಟ್ಟಿಲಿನ ಹುರಿ ಸರೋಜಮ್ಮನ ಸೇವೆ. ಅದಕ್ಕೆ ಕರುವಿನ ಕೋಡಿನಂತೆ ಎರಡು ಕವಲಿನ ಒಂದು ಮರದ ಹಿಡಿ, ಕವೆ. ಹೆಣೆಯುವಾಗ ಬಾಗಿಲು ಭದ್ರ. “ದೇವರ ಕೆಲಸಕ್ಕೆ ಕಣ್ಣು ಬೀಳಬಾರದು” ಎನ್ನುತ್ತಿದ್ದರು. ಜಪಕ್ಕೆ ಕುಳಿತ ಗಂಡ ಸುಬ್ರಾಯರಿಗೆ ಮಾತ್ರ ಒಳಗೆ ಜಾಗ.

ರಾಮದಾಸ ರೈಲು ಹತ್ತಿದ. ಜೊತೆಗೆ ಅವನ ರಾಕೆಟ್ ಕೇಂದ್ರದ ಕಚೇರಿಯ ಜಯಣ್ಣ, ಮೈಸೂರಿನ ಎಂಜಿನಿಯರ್. “ಇಂಥಾ ಹೊತ್ತಲ್ಲಿ ಒಬ್ಬರನ್ನೇ ಕಳಿಸಕ್ಕಾಗುತ್ತೇನ್ರೀ?” ಎಂದು ಬಂದೇಬಿಟ್ಟಿದ್ದ. ಕಿಟಕಿಯಾಚೆ ಹಿನ್ನೀರು, ತೆಂಗು, ಮತ್ತೆ ಹಿನ್ನೀರು ಕನಸಿನಂತೆ ಸರಿಯುತ್ತಿದ್ದವು. ಮಡಿಲಲ್ಲಿದ್ದ ಬಿಳಿಯ ಹುರಿ ನಿದ್ರಿಸುವ ಮಗುವಿನಂತಿತ್ತು.

ಕೊಲ್ಲಂ ದಾಟಿದ ಮೇಲೆ ಜಯಣ್ಣನಿಗೆ ತಡೆಯಲಾಗಲಿಲ್ಲ. “ಕೊಡಿ ಇಲ್ಲಿ. ರಾಕೆಟ್ಟು ಹಾರಿಸೋರಿಗೆ ಈ ಕವೆ ಏನು ಮಹಾ?”

“ಬೇಡ ಜಯಣ್ಣ, ಕುಣಿಕೆ…”

“ಮುಟ್ಟಿದ್ರೆ ಸವೆಯುತ್ತಾ?”

ಜಯಣ್ಣ ಕವೆ ತಿರುಗಿಸಿ ನೋಡಿದ, ನೂಲು ಎಳೆದ. ಎರಡು ಕುಣಿಕೆಗಳೂ ಕೋಡಿನಿಂದ ಜಾರಿದವು. ಇನ್ನೂ ಬಿಗಿಯಾಗುತ್ತದೇನೋ ಎಂದು ಮತ್ತೂ ಎಳೆದ. ಮೊಳಗಟ್ಟಲೆ ಹುರಿ ಸರಸರನೆ ಬಿಚ್ಚಿಕೊಂಡು, ಮಡಿಲ ತುಂಬ ನೂಲು ಸೇಮಿಗೆಯಂತೆ ಹರಡಿತು.

“ಅಯ್ಯೋ ಮೋನೇ!” ಎಂದು ಎದುರಿನ ಸೀಟಿನ ಮಲಯಾಳಿ ಅಕ್ಕ ಎದೆಗೆ ಕೈಯಿಟ್ಟುಕೊಂಡಳು. ಸಂಗತಿಯೆಲ್ಲ ಕೇಳಿ ತಿಳಿದು, ನೂಲನ್ನು ಉಂಡೆ ಸುತ್ತಿಕೊಟ್ಟಳು.

ಆದರೆ ಬಿಚ್ಚಿಕೊಳ್ಳುವಾಗಲೇ ರಾಮದಾಸನಿಗೆ ಗುಟ್ಟು ಕಂಡಿತ್ತು: ಹಳೆಯ ಕುಣಿಕೆಯನ್ನು ಹೊಸ ನೂಲಿನ ಮೇಲಿಂದ ಕೋಡು ದಾಟಿಸಬೇಕು, ಕವೆ ತಿರುಗಿಸಬೇಕು, ಬಿಗಿಯಬೇಕು. ದಾಟಿಸಿದ, ತಿರುಗಿಸಿದ, ಬಿಗಿದ. ಕೋಟ್ಟಯಂ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಅತ್ತೆ ಪಕ್ಕದಲ್ಲೇ ಕುಳಿತು ನಗುತ್ತಿರುವಂತೆ ಭಾಸವಾಯಿತು. ಹುರಿ ಮಾತ್ರ ಇಲಿ ನುಂಗಿದ ಹಾವಿನಂತೆ ಅಲ್ಲಲ್ಲಿ ಉಬ್ಬಿತ್ತು.

ಎರ್ನಾಕುಲಂನ ಮನೆಯಲ್ಲಿ ಅದನ್ನು ಅತ್ತೆಯ ತಣ್ಣನೆಯ ಕೈಗೆ ಮುಟ್ಟಿಸಿದ. ನೆರೆಮನೆಯ ಶಾಂತಾ ಕಣ್ಣೊರೆಸಿಕೊಂಡಳು. “ನೋಡಿ, ಸರೋಜಕ್ಕನದೇ ಕೈ! ಅವರ ಹುರಿ ಎಲ್ಲಿದ್ದರೂ ಗುರುತು ಸಿಕ್ಕುತ್ತದೆ.”

ಜಯಣ್ಣ ತಲೆಯೆತ್ತಿ ಮಾಡಿನ ಹೆಂಚು ನೋಡತೊಡಗಿದ. ರಾಮದಾಸ ಉಸಿರು ಬಿಟ್ಟ.

ಎಲ್ಲ ಮುಗಿದು ಸ್ನಾನವಾದ ಮೇಲೆ ಸುಬ್ರಾಯರು ಅಳಿಯನನ್ನು ಹಿತ್ತಿಲ ಜಗಲಿಗೆ ಕರೆದರು.

“ಈ ಹುರಿ ಯಾರು ಹೆಣೆದದ್ದು?”

“ಅತ್ತೆಯೇ, ಮಾವ.”

“ಅವಳಿಗೆ ಹೆಣೆಯಲು ಎಲ್ಲಿ ಬರುತ್ತಿತ್ತು? ಇಷ್ಟು ವರ್ಷವೂ ಬಾಗಿಲು ಹಾಕಿ ಹೆಣೆದವ ನಾನು. ಕೋರ್ಟಿನ ಶಿರಸ್ತೇದಾರ ನೂಲು ಹಿಡಿದು ಕೂತನೆಂದು ಯಾರೂ ನಗಬಾರದು ಅಂತ ಅವಳು ತನ್ನ ಹೆಸರು ಕೊಟ್ಟಳು. ಅವಳ ಕೆಲಸ ನನಗೆ ಕತೆ ಹೇಳುವುದು ಮಾತ್ರ.” ಮುದುಕನ ಕಣ್ಣು ತುಂಬಿತು. “ನಾನು ಹೆಣೆದದ್ದು ನನಗೆ ಗೊತ್ತಾಗುವುದಿಲ್ಲವಾ?”

ರಾಮದಾಸ ರೈಲಿನ ಕತೆಯನ್ನೆಲ್ಲ ಒಪ್ಪಿಕೊಂಡು ತಲೆ ತಗ್ಗಿಸಿದ.

“ಒಳ್ಳೆಯದೇ ಆಯಿತು” ಎಂದು ಸುಬ್ರಾಯರು ಕವೆಯನ್ನು ಅವನ ಕೈಗಿಟ್ಟರು. “ನನಗೆ ಕೈ ನಡುಗುತ್ತದೆ. ಇನ್ನು ಅಷ್ಟಮಿಯ ಹುರಿ ನಿನ್ನದು. ಬಾಗಿಲು ಹಾಕಿಕೋ. ಹೆಸರು ನಿರ್ಮಲನದ್ದಿರಲಿ. ಇನ್ನು ತಾಯಿಯ ಕೈ ಮಗಳಿಗೇ ಬರುತ್ತದೆಂದು ಶಾಂತಾ ಆಗಲೇ ಬೀದಿಯಲ್ಲೆಲ್ಲ ಹೇಳಿಯಾಯಿತು.”

ರಾಮದಾಸ ಕವೆ ಹಿಡಿದು ದೀಪದ ಮುಂದೆ ಕೂತ. ಕಣ್ಣು ತಾನಾಗಿ ಮುಚ್ಚಿತು.

ಕೃಷ್ಣಾ, ಅತ್ತೆಗೆ ನಿನ್ನ ಪಾದದ ಬಳಿ ನೆಮ್ಮದಿ ಕೊಡು. ಬೇಕಾದರೆ ಕತೆ ಹೇಳಿಸಿಕೋ. ಹುರಿ ಹೆಣೆಯೆಂದು ಮಾತ್ರ ಕೇಳಬೇಡ.