ಮಗುವಿಗೆ ನಾರ್ತ್ ಸಿಡ್ನಿಯಲ್ಲಿ ಕೆಲಸ

ಆಸ್ಟ್ರೇಲಿಯಾದಲ್ಲಿ ಟ್ಯಾಕ್ಸ್ ಲೆಕ್ಕ ಕೊಡುವ ಜುಲೈ ಬಂತೆಂದರೆ ನಮ್ಮವರಿಗೆ ಮಕ್ಕಳ ಮೇಲೆ ಎಲ್ಲಿಲ್ಲದ ಮಮತೆ ಉಕ್ಕುತ್ತದೆ. ಎರಡು ಸಾವಿರದ ಈಚಿನ ಆ ವರ್ಷಗಳಲ್ಲಿ ನಾನು ಸಿಡ್ನಿಯ ಟೂಂಗಾಬಿಯ ದಿನಸಿ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಟ್ಯಾಕ್ಸ್ ರಿಟರ್ನ್ ತುಂಬಿಕೊಡುತ್ತಿದ್ದೆ. ಮೆಟ್ಟಿಲು ಹತ್ತಿ ಬಂದವರೆಲ್ಲ ಏದುಸಿರು ಬಿಡುತ್ತಲೇ ಕೇಳುತ್ತಿದ್ದರು: "ಟ್ಯಾಕ್ಸ್ ಕಮ್ಮಿ ಆಗೋಕೆ ಮಕ್ಕಳನ್ನ ಡಿಪೆಂಡೆಂಟ್ ಅಂತ ತೋರಿಸಬಹುದಾ?" ಬೆಳೆದು ದುಡಿಯುತ್ತಿರುವವರನ್ನು ಅವಲಂಬಿತರೆಂದು ತೋರಿಸಲು ಬರುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಅಷ್ಟೇ.

೧. ಮೊಸರನ್ನ

ಒಬ್ಬ ಆಂಟಿ ಫೋನ್ ಮಾಡಿದರು. "ನಮ್ಮ ಮಗೂನ ಡಿಪೆಂಡೆಂಟ್ ಅಂತ ಬರ್ಕೊಳ್ಳಮ್ಮ."

"ಮಗೂಗೆ ಎಷ್ಟು ವಯಸ್ಸು ಆಂಟಿ?"

"ಈ ಯುಗಾದಿಗೆ ಇಪ್ಪತ್ತೇಳು ತುಂಬ್ತು."

"ಏನ್ ಮಾಡ್ತಿದೆ?"

"ನಾರ್ತ್ ಸಿಡ್ನೀಲಿ ಐಟಿ ಕೆಲಸ. ಟೀಮ್ ಲೀಡರ್!"

"ಮತ್ತೆ ಡಿಪೆಂಡೆಂಟ್ ಹೇಗಾಗುತ್ತೆ?"

"ಇವತ್ತಿಗೂ ಮೊಸರನ್ನ ನಾನೇ ಕಲಸಿಕೊಡ್ಬೇಕು ಕಣಮ್ಮ."

ಕಾನೂನಿನಲ್ಲಿ ಮೊಸರನ್ನಕ್ಕೆ ಜಾಗವಿಲ್ಲ ಎಂದೆ. ಆಂಟಿಗೆ ಸಿಟ್ಟು ಬಂತು. "ಆ ಕಾನೂನು ಮಾಡಿದೋರಿಗೆ ಅಮ್ಮ ಇರ್ಲಿಲ್ವಾ?"

೨. ಸಾಕುವುದು

ಮೆಲ್ಬೋರ್ನಿನ ಗ್ಲೆನ್ ವೇವರ್ಲಿಯಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ರಜೆಯಲ್ಲೂ ಬಿಡುವಿಲ್ಲ. ಪಕ್ಕದ ಮನೆಯ ಮಂಗಳೂರಿನವರು ಮಗಳನ್ನು ಕರೆದುಕೊಂಡೇ ಬಂದರು.

"ಇವಳಿಗೆ ಬ್ಯಾಂಕಿನಲ್ಲಿ ಕೆಲಸ ಉಂಟು, ಆದ್ರೆ ಸಾಕುವುದು ನಾನೇ ಮಾರಾಯ್ರೆ. ಊಟ, ರೂಮು, ಎಲ್ಲ ನನ್ನದೇ."

ಮಗಳು ತಲೆ ಎತ್ತಿದಳು. "ಡ್ಯಾಡ್, ಐ ಪೇ ಯೂ ರೆಂಟ್!"

ಅವರು ನನ್ನ ಕಡೆ ಗಾಬರಿಯಿಂದ ನೋಡಿದರು. "ಇವಳಿಗೆ ಕನ್ನಡ ಅರ್ಥ ಆಗುವುದಿಲ್ಲ ಅಂತ ಎಣಿಸಿದ್ದೆ!"

೩. ಸಾಕ್ಷಿ

ನನಗೆ ಸಂಬಂಧ ಕುದುರಿಸುವ ಚಪಲವೂ ಇತ್ತು. ಅಂಕಲ್ ಒಬ್ಬರ ಮಗನಿಗೆ ಎಲ್ಲಿ ಹುಡುಕಿದರೂ ಹೆಣ್ಣು ಸಿಕ್ಕಿರಲಿಲ್ಲ, ಅಂಕಲ್ ಸೊರಗಿಹೋಗಿದ್ದರು. ನನಗೆ ಗೊತ್ತಿದ್ದ ಹುಡುಗಿಯ ತಂದೆಗೆ, ಅಂಕಲ್ ರಿಟರ್ನ್ ತುಂಬಿಸಲು ಬರುವ ದಿನವೇ ಬರಹೇಳಿದೆ. ಅವರು ಮೊದಲೇ ಬಂದರು. "ನಾನ್ಯಾರು ಅಂತ ಹೇಳ್ಬೇಡಿ ಮೇಡಂ. ಸುಮ್ನೆ ಕೂತು ಮನುಷ್ಯ ಹೇಗೆ ಅಂತ ನೋಡ್ತೀನಿ" ಎಂದು ಮೂಲೆಯ ಕುರ್ಚಿ ಹಿಡಿದರು.

ಅಂಕಲ್ ಬಂದರು. ಮಾತು ನೇರ ಡಿಪೆಂಡೆಂಟಿಗೆ ಹೋಯಿತು. ಆಗಲ್ಲ ಅಂಕಲ್ ಎಂದೆ.

"ಯಾಕಾಗಲ್ಲ? ಬೆಳಿಗ್ಗೆ ಅವನನ್ನ ಎಬ್ಬಿಸೋಳು ಅವರಮ್ಮ. ಷರ್ಟಿಗೆ ಇಸ್ತ್ರಿ ಹಾಕೋನು ನಾನು!"

ಮಾತು ಕೊಟ್ಟಿದ್ದೆನಲ್ಲ, ಬಾಯಿ ಬಿಡುವ ಹಾಗಿಲ್ಲ. ಕೆಮ್ಮಿದೆ. ಕಣ್ಣು ಮಿಟುಕಿಸಿದೆ.

"ಶುಂಠಿ ಕಷಾಯ ಕುಡಿಯಮ್ಮ. ಇನ್ನೂ ಕೇಳು. ಮೊನ್ನೆ ನಾವಿಬ್ರೂ ಊರಲ್ಲಿಲ್ದಾಗ ಮೂರು ಹೊತ್ತೂ ಬರೀ ಬ್ರೆಡ್ ತಿಂದಿದಾನೆ. ಯಾಕೋ ಅಂದ್ರೆ, ಸ್ಟವ್ ಹಚ್ಚೋಕೆ ಬರಲ್ಲ ಅಂದ!"

ಇನ್ನೂ ಜೋರಾಗಿ ಕೆಮ್ಮಿದೆ. ಇವಳ ಹತ್ತಿರ ನ್ಯಾಯ ಸಿಗುವುದಿಲ್ಲ ಎಂದುಕೊಂಡ ಅಂಕಲ್ ಮೂಲೆಯ ಕಡೆ ತಿರುಗಿದರು.

"ನೀವೇ ಹೇಳಿ ಸಾರ್, ನನ್ನ ಮಗ ಡಿಪೆಂಡೆಂಟ್ ಹೌದೋ ಅಲ್ವೋ?"

"ಅನುಮಾನವೇ ಇಲ್ಲ ಸಾರ್" ಎಂದು ಅವರು ಎದ್ದು ನಿಂತರು. ಆಮೇಲೆ ನನ್ನನ್ನು ಕೇಳಿದರು: "ಮೇಡಂ, ಮದುವೆ ಆದ್ಮೇಲೆ ಇವರ ಮಗನ್ನ ನನ್ನ ಮಗಳು ಡಿಪೆಂಡೆಂಟ್ ಅಂತ ತೋರಿಸ್ಬಹುದಾ?"